ಸ್ವಿಚ್ಚಿನ ಹಿಂದಿನ ತಂತಿ: ಮಲೆನಾಡಿನ ಮನೆಗಳ ಬೆಳಕಿನ ವ್ಯವಸ್ಥೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪರಿಸರದ ಸಭೆಗಳಲ್ಲಿ ವಿದ್ಯುತ್ತಿನ ಪ್ರಸ್ತಾಪ ಬಂದಾಗ ಚರ್ಚೆಯು ಅಣೆಕಟ್ಟು, ಮುಳುಗಡೆ, ತಂತಿಮಾರ್ಗಕ್ಕಾಗಿ ಕಡಿದ ಕಾಡು ಇವುಗಳ ಸುತ್ತ ನಡೆಯುವುದು ಸಹಜ. ಅದಕ್ಕೆ ಕಾರಣವೂ ಇದೆ. ಕೊಡಗಿನಲ್ಲಿ ಹುಟ್ಟಿದ ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. 1948ರಲ್ಲಿ ಜೋಗದ ವಿದ್ಯುದಾಗಾರವು ಕಾರ್ಯಾರಂಭ ಮಾಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳೂ ಗದ್ದೆ ತೋಟಗಳೂ ನೀರಿನಡಿ ಸೇರಿದವು. ನಾಡಿನ ಬೆಳಕಿಗಾಗಿ ಮಲೆನಾಡು ತೆತ್ತ ಬೆಲೆ ಅಲ್ಪವಾದುದಲ್ಲ.

ಆದರೆ ಇಷ್ಟು ಬೆಲೆ ತೆತ್ತು ಪಡೆದ ವಿದ್ಯುತ್ತು ಕಂಬದಿಂದ ಮನೆಯೊಳಗೆ ಬಂದ ಮೇಲೆ ಏನಾಗುತ್ತದೆ ಎಂಬುದರ ಕಡೆಗೆ ಗಮನ ಹರಿದಿರುವುದು ಕಡಿಮೆ. ಮೀಟರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ಕೆಲವೇ ಮೀಟರುಗಳ ತಂತಿ ಹೇಗಿದೆ? ಆರು ತಿಂಗಳು ಗೋಡೆ ಒದ್ದೆಯಾಗಿರುವ, ಅಟ್ಟದಲ್ಲಿ ಇಲಿಗಳು ಓಡಾಡುವ, ಕೊಟ್ಟಿಗೆಯ ನೆಲ ಎಂದೂ ಒಣಗದ ಸೀಮೆಯಲ್ಲಿ ಈ ಪ್ರಶ್ನೆಯು ಜೀವದ ಪ್ರಶ್ನೆಯಾಗಿದೆ. ಇಂದಿನ ಮಾತಿನ ಉದ್ದೇಶ ಎಲ್ಲರೂ ತಾವೇ ವೈರಿಂಗ್ ಮಾಡಿಕೊಳ್ಳಲಿ ಎಂಬುದಲ್ಲ. ಆ ಕೆಲಸ ಪರವಾನಗಿ ಪಡೆದವರದೇ. ಆದರೆ ಆದ ಕೆಲಸ ಸರಿಯೋ ತಪ್ಪೋ ಎಂದು ಕೇಳುವಷ್ಟು ತಿಳಿವಳಿಕೆ ಮನೆಯವರಿಗೆ ಇರಬೇಕು.

ಸ್ವಿಚ್ಚು ಯಾವ ತಂತಿಯಲ್ಲಿದೆ?

ಮನೆಗೆ ಬರುವ ಒಂಟಿ ಫೇಸಿನ ಸಂಪರ್ಕದಲ್ಲಿ ಎರಡು ತಂತಿಗಳಿರುತ್ತವೆ. ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಇವೆರಡರ ನಡುವಿನ ಒತ್ತಡ 230 ವೋಲ್ಟ್. ನ್ಯೂಟ್ರಲ್ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಜೋಡಿಸಿರುತ್ತಾರೆ. ಆದ್ದರಿಂದ ನೆಲದ ಮೇಲೆ ನಿಂತವನ ಪಾಲಿಗೆ ಅಪಾಯಕಾರಿಯಾದುದು ಮುಖ್ಯವಾಗಿ ಫೇಸ್. ಭಾರತದಲ್ಲಿ ಮನೆಯೊಳಗೆ ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು ಬಣ್ಣದ ತಂತಿ ಬಳಸುವುದು ರೂಢಿ.

ತೋಟಕ್ಕೆ ನೀರು ಹಾಯಿಸುವವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯ ಮೇಲ್ತುದಿಯಲ್ಲಿ ತೂಬು ಮುಚ್ಚಿದರೆ ಕೆಳಗಿನ ಕಾಲುವೆಯಲ್ಲಿ ನೀರಿರುವುದಿಲ್ಲ. ಕೆಳತುದಿಯಲ್ಲಿ ಮಣ್ಣು ಹಾಕಿ ಕಟ್ಟಿದರೆ ಹರಿವು ನಿಲ್ಲುತ್ತದೆ, ಆದರೆ ಕಾಲುವೆಯ ತುಂಬ ನೀರು ನಿಂತೇ ಇರುತ್ತದೆ. ಸ್ವಿಚ್ಚನ್ನು ಫೇಸಿನಲ್ಲಿ ಹಾಕುವುದು ಮೇಲ್ತುದಿಯ ತೂಬಿನಂತೆ. ಮೊದಲು ಫೇಸ್ ಸ್ವಿಚ್ಚಿಗೆ ಬರಬೇಕು, ಸ್ವಿಚ್ಚಿನಿಂದ ಹೊರಟ ತಂತಿ ದೀಪಕ್ಕೆ ಹೋಗಬೇಕು, ನ್ಯೂಟ್ರಲ್ ಯಾವ ಸ್ವಿಚ್ಚನ್ನೂ ಹಾಯದೆ ನೇರವಾಗಿ ದೀಪದ ಇನ್ನೊಂದು ಬದಿಗೆ ಬರಬೇಕು. ಇದನ್ನು ತಿರುವುಮುರುವು ಮಾಡಿ ಸ್ವಿಚ್ಚನ್ನು ನ್ಯೂಟ್ರಲಿನಲ್ಲಿ ಹಾಕಿದರೂ ದೀಪ ಉರಿಯುತ್ತದೆ, ಆರುತ್ತದೆ. ಆದರೆ ಆರಿದ ದೀಪದ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಸ್ವಿಚ್ಚು ಆರಿಸಿದ್ದೇನೆಂಬ ನಂಬಿಕೆಯಿಂದ ಬಲ್ಬು ಬದಲಿಸಲು ಕೈಹಾಕಿದವರ ಬೆರಳು ಹೋಲ್ಡರಿನ ಒಳಗೆ ತಗುಲಿದರೆ ಆ ನಂಬಿಕೆಯೇ ಮುಳುವಾಗುತ್ತದೆ.

ಎಲ್‌ಇಡಿ ಬಲ್ಬುಗಳು ಬಂದ ಮೇಲೆ ಈ ದೋಷಕ್ಕೆ ಒಂದು ಸುಳಿವೂ ದೊರೆಯುವಂತಾಗಿದೆ. ಸ್ವಿಚ್ಚು ಆರಿಸಿದ ಮೇಲೂ ರಾತ್ರಿಯ ಕತ್ತಲಲ್ಲಿ ಬಲ್ಬು ಮಂಕಾಗಿ ಮಿನುಗುತ್ತಿದ್ದರೆ ಸ್ವಿಚ್ಚು ನ್ಯೂಟ್ರಲಿನಲ್ಲಿರುವ ಸಾಧ್ಯತೆಯಿದೆ. ಉದ್ದನೆಯ ಜೋಡಿ ತಂತಿ ಹಾಗೂ ಸೂಚಕ ದೀಪವಿರುವ ಸ್ವಿಚ್ಚುಗಳಿಂದಲೂ ಹೀಗಾಗಬಹುದು. ಆದ್ದರಿಂದ ಇದು ತೀರ್ಪಲ್ಲ, ಪರೀಕ್ಷೆ ಮಾಡಿಸಬೇಕೆಂಬ ಸೂಚನೆ ಮಾತ್ರ. ಬಲ್ಬು ಬದಲಿಸುವಾಗ ಮೇನ್ ಸ್ವಿಚ್ಚನ್ನೇ ಆರಿಸುವ ಅಭ್ಯಾಸವಾದರೆ ಎಲ್ಲಕ್ಕಿಂತ ಕ್ಷೇಮ.

ಜಗಲಿ ಮತ್ತು ಅಟ್ಟದ ದೀಪ

ದೊಡ್ಡ ಮನೆಗಳಲ್ಲಿ ಅಟ್ಟದ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚು ಇರುವುದುಂಟು. ಇದಕ್ಕೆ ಮೂರು ತಿರುಪುಗಳ ಟೂ ವೇ ಸ್ವಿಚ್ಚು ಬೇಕು. ಕೆಳಗಿನ ಸ್ವಿಚ್ಚಿನ ನಡುವಿನ ತಿರುಪಿಗೆ ಫೇಸ್ ಬರುತ್ತದೆ. ಮೇಲಿನ ಸ್ವಿಚ್ಚಿನ ನಡುವಿನ ತಿರುಪಿನಿಂದ ತಂತಿ ದೀಪಕ್ಕೆ ಹೋಗುತ್ತದೆ. ಉಳಿದ ಎರಡೆರಡು ತಿರುಪುಗಳನ್ನು ಎರಡು ತಂತಿಗಳು ಜೋಡಿಸುತ್ತವೆ. ಎರಡೂ ಸ್ವಿಚ್ಚುಗಳು ಒಂದೇ ತಂತಿಯ ಕಡೆಗೆ ತಿರುಗಿದ್ದರೆ ದೀಪ ಉರಿಯುತ್ತದೆ, ಬೇರೆ ಬೇರೆ ತಂತಿಯ ಕಡೆಗಿದ್ದರೆ ಆರುತ್ತದೆ.

ತಂತಿ ಉಳಿಸುವ ಸಲುವಾಗಿ ಇನ್ನೊಂದು ಕ್ರಮವನ್ನೂ ಹಿಂದೆ ಅನುಸರಿಸಿದ್ದುಂಟು. ಅದರಲ್ಲಿ ಎರಡೂ ಸ್ವಿಚ್ಚುಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕೊಟ್ಟು, ಎರಡು ಸ್ವಿಚ್ಚುಗಳ ನಡುವೆ ದೀಪವನ್ನು ಜೋಡಿಸುತ್ತಾರೆ. ಆಗ ಆರಿದ ದೀಪದ ಎರಡೂ ಬದಿಗಳಲ್ಲಿ ಫೇಸ್ ಇರುವ ಸ್ಥಿತಿ ಬರಬಹುದು. ಒಂದೇ ಸ್ವಿಚ್ಚಿನೊಳಗೆ ಫೇಸೂ ನ್ಯೂಟ್ರಲೂ ಎದುರುಬದುರಾಗಿರುವುದರಿಂದ ಕಿಡಿಯ ಅಪಾಯವೂ ಇದೆ. ಹಳೆಯ ಮನೆಗಳಲ್ಲಿ ಇಂತಹ ಜೋಡಣೆ ಕಂಡುಬಂದರೆ ಬದಲಾಯಿಸುವುದೇ ಲೇಸು.

ಇದಕ್ಕೊಂದು ಪರಿಸರದ ಮಗ್ಗುಲೂ ಇದೆ. ಅಂಗಳದ ದೀಪದ ಸ್ವಿಚ್ಚು ದೂರವಿದ್ದರೆ ಅದು ರಾತ್ರಿಯೆಲ್ಲ ಉರಿಯುತ್ತಲೇ ಇರುತ್ತದೆ. ಆ ಬೆಳಕಿಗೆ ಬಂದ ಪತಂಗಗಳು ಸುತ್ತಿ ಸುತ್ತಿ ಸಾಯುತ್ತವೆ. ಮುಂಗಾರಿನ ಮುನ್ನ ಸಂಗಾತಿಯನ್ನು ಬೆಳಕಿನಿಂದಲೇ ಕರೆಯುವ ಮಿಂಚುಹುಳುಗಳಿಗೆ ಮನುಷ್ಯನ ದೀಪ ಅಡ್ಡಿಯಾಗುತ್ತದೆ. ಮಲಗುವ ಕೋಣೆಯ ಬಳಿ ಒಂದು ಟೂ ವೇ ಸ್ವಿಚ್ಚು ಇದ್ದರೆ, ಬೇಕಾದಾಗ ಬೆಳಕು, ಬೇಡವಾದಾಗ ಕತ್ತಲು ಎರಡೂ ದೊರೆಯುತ್ತವೆ.

ಒಂದೇ ತಂತಿಗೆ ಎಷ್ಟು ಹೊರೆ?

ಮನೆಯ ಬೆಳಕಿನ ಸರ್ಕ್ಯೂಟನ್ನೂ ಹೆಚ್ಚು ವಿದ್ಯುತ್ ಎಳೆಯುವ ಉಪಕರಣಗಳ ಸರ್ಕ್ಯೂಟನ್ನೂ ಬೇರೆ ಬೇರೆಯಾಗಿಡಬೇಕು. ಒಂದು ಬೆಳಕಿನ ಸರ್ಕ್ಯೂಟಿನಲ್ಲಿ 10 ಪಾಯಿಂಟು ಅಥವಾ 800 ವ್ಯಾಟ್ ಮೀರಬಾರದೆಂಬುದು ಭಾರತದ ವೈರಿಂಗ್ ಪದ್ಧತಿಯಲ್ಲಿ ನಡೆದುಬಂದ ಮಿತಿ. ಇದಕ್ಕೆ 1 ಅಥವಾ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಗೂ 6 ಆಂಪಿಯರಿನ ಎಂಸಿಬಿ ಸಾಕು. 16 ಆಂಪಿಯರಿನ ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಪ್ರತ್ಯೇಕ ತಂತಿ ಬೇಕು.

ಹಳ್ಳಿಯ ಅನೇಕ ಮನೆಗಳಲ್ಲಿ ವೈರಿಂಗ್ ಆದದ್ದು ಮೂರು ನಾಲ್ಕು ಬಲ್ಬುಗಳ ಕಾಲದಲ್ಲಿ. ಭಾಗ್ಯಜ್ಯೋತಿಯಂತಹ ಯೋಜನೆಯಲ್ಲಿ ಬಡವರ ಮನೆಗೆ ಬಂದದ್ದು ಒಂದೇ ದೀಪ. ಅನಂತರ ಅದೇ ತಂತಿಗೆ ಮಿಕ್ಸಿ, ಟಿ.ವಿ., ಫ್ರಿಜ್ಜು ಸೇರಿಕೊಂಡವು. 2000 ವ್ಯಾಟಿನ ಗೀಸರ್ ಅಥವಾ ಇಂಡಕ್ಷನ್ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು ಬೆಳಕಿನ ಸರ್ಕ್ಯೂಟಿಗೆ ಜೋಡಿಸಿದರೆ 6 ಆಂಪಿಯರಿನ ಎಂಸಿಬಿ ಬೀಳುತ್ತದೆ. ಬೀಳಲೇಬೇಕು, ಅದು ಅದರ ಕರ್ತವ್ಯ. ಆಗ ಮಾಡುವ ಅತ್ಯಂತ ದೊಡ್ಡ ತಪ್ಪೆಂದರೆ ತಂತಿಯನ್ನು ಹಾಗೆಯೇ ಬಿಟ್ಟು ಎಂಸಿಬಿಯನ್ನು ಮಾತ್ರ 16 ಆಂಪಿಯರಿನದಕ್ಕೆ ಬದಲಾಯಿಸುವುದು. ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ತಪ್ಪು. ಪೈಪಿನೊಳಗಿನ 1 ಚದರ ಮಿಲಿಮೀಟರಿನ ತಂತಿ ಸುಮಾರು 11 ಆಂಪಿಯರಿನವರೆಗೆ ತಾಳಬಲ್ಲದು. 16 ಆಂಪಿಯರಿನ ಎಂಸಿಬಿ ಬೀಳುವ ಮೊದಲೇ ತಂತಿಯ ಹೊದಿಕೆ ಕರಗಲು ತೊಡಗುತ್ತದೆ. ಮರದ ಅಟ್ಟ, ಒಣ ಅಡಿಕೆಯ ಚೀಲ, ಹುಲ್ಲಿನ ಸಂಗ್ರಹ ಇರುವ ಮನೆಗೆ ಇಷ್ಟು ಬಿಸಿ ಸಾಕು.

ಫ್ಯೂಸು ಯಾರನ್ನು ಕಾಯುತ್ತದೆ?

ಫ್ಯೂಸು ಇದೆ, ಎಂಸಿಬಿ ಇದೆ, ಆದ್ದರಿಂದ ಶಾಕ್ ಹೊಡೆದರೂ ಜೀವಕ್ಕೆ ಭಯವಿಲ್ಲ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಇದು ನಿಜವಲ್ಲ. ಫ್ಯೂಸು ಮತ್ತು ಎಂಸಿಬಿಗಳು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಲೆಕ್ಕ ಸರಳವಾಗಿದೆ. ಒದ್ದೆಯಾದ ಮೈಯ ಪ್ರತಿರೋಧವನ್ನು 1000 ಓಮ್ ಎಂದು ಹಿಡಿದರೆ 230 ವೋಲ್ಟಿನಲ್ಲಿ ದೇಹದ ಮೂಲಕ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಸುಮಾರು 10 ಮಿಲಿ ಆಂಪಿಯರಿನಲ್ಲಿಯೇ ಸ್ನಾಯುಗಳು ಬಿಗಿದುಕೊಂಡು ಹಿಡಿದ ತಂತಿಯನ್ನು ಬಿಡಲಾಗದಂತಾಗುತ್ತದೆ. 30 ಮಿಲಿ ಆಂಪಿಯರಿಗೆ ಮೀರಿದ ಪ್ರವಾಹ ಹೆಚ್ಚು ಹೊತ್ತು ಹರಿದರೆ ಹೃದಯದ ಲಯ ತಪ್ಪಬಹುದು. ಆದರೆ 6 ಆಂಪಿಯರಿನ ಎಂಸಿಬಿಯ ಪಾಲಿಗೆ 0.23 ಆಂಪಿಯರ್ ಒಂದು ಸಾಮಾನ್ಯ ದೀಪದಷ್ಟು ಹೊರೆ. ಅದು ಅಲುಗುವುದೇ ಇಲ್ಲ.

ಮನುಷ್ಯನನ್ನು ಕಾಯುವ ಉಪಕರಣವೇ ಬೇರೆ. ಅದರ ಹೆಸರು ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲಿನಲ್ಲಿ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ತೋಟದ ಮೇಲ್ತುದಿಯಲ್ಲಿ ಬಿಟ್ಟ ನೀರಿಗೂ ಕೆಳತುದಿಗೆ ತಲುಪಿದ ನೀರಿಗೂ ವ್ಯತ್ಯಾಸ ಕಂಡರೆ ನಡುವೆ ಎಲ್ಲೋ ಏಡಿ ತೂತು ಮಾಡಿದೆಯೆಂದು ರೈತ ತಿಳಿಯುತ್ತಾನೆ. ಇದೂ ಹಾಗೆಯೇ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಸೋರಿಕೆ ದೇಹದ ಮೂಲಕವೋ ಒದ್ದೆ ಗೋಡೆಯ ಮೂಲಕವೋ ಎಂದು ನೋಡದೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ಅದು ಬೀಳುತ್ತದೆಯೇ ಎಂದು ನೋಡಬೇಕು.

ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂಬುದು ಸಾಮಾನ್ಯ ದೂರು. ಅದನ್ನು ತೆಗೆದು ನೇರ ಸಂಪರ್ಕ ಕೊಡಿಸಿಕೊಂಡವರೂ ಇದ್ದಾರೆ. ನಾಯಿ ಬೊಗಳುತ್ತದೆಯೆಂದು ನಾಯಿಯನ್ನೇ ಓಡಿಸಿದಂತಾಯಿತು ಅದು. ಬೀಳುತ್ತಿದೆಯೆಂದರೆ ಎಲ್ಲೋ ಸೋರಿಕೆ ಇದೆ, ಅಥವಾ ಒಂದು ಸರ್ಕ್ಯೂಟಿನ ನ್ಯೂಟ್ರಲ್ ಇನ್ನೊಂದರ ಜೊತೆ ಬೆರೆತಿದೆ ಎಂದು ಅರ್ಥ. ಒಂದೊಂದೇ ಸರ್ಕ್ಯೂಟನ್ನು ಬಿಡಿಸಿ ದೋಷವನ್ನು ಹುಡುಕಿಸಬೇಕು.

ಜಂಬಿಟ್ಟಿಗೆಯ ನೆಲದಲ್ಲಿ ಅರ್ಥಿಂಗ್

ಅರ್ಥಿಂಗ್ ಇದ್ದ ಮೇಲೆ ಇದೇಕೆ ಎಂಬ ಪ್ರಶ್ನೆ ಬರಬಹುದು. ಉತ್ತರ ಮಣ್ಣಿನಲ್ಲಿದೆ. ವಾಡಿಕೆಯ ಪೈಪ್ ಅರ್ಥಿಂಗಿನಲ್ಲಿ ಕನಿಷ್ಠ 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ಕಟ್ಟಡದಿಂದ 1.5 ಮೀಟರಾದರೂ ದೂರದಲ್ಲಿ ಹೂಳಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬುತ್ತಾರೆ. ಮಣ್ಣು ತೇವವಾಗಿದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜಂಬಿಟ್ಟಿಗೆಯ ನೆಲ ಮಾರ್ಚ್ ಏಪ್ರಿಲಿನಲ್ಲಿ ಒಣಗಿ ಇಟ್ಟಿಗೆಯಂತಾಗುತ್ತದೆ. ಆಗ ಅರ್ಥಿನ ಪ್ರತಿರೋಧ 50 ಓಮಿಗೆ ಏರಿತೆಂದು ಭಾವಿಸಿದರೆ, ಉಪಕರಣದ ಲೋಹದ ಮೈಗೆ ಫೇಸ್ ತಗುಲಿದಾಗ ಹರಿಯುವುದು ಹೆಚ್ಚೆಂದರೆ 4.6 ಆಂಪಿಯರ್. 6 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ, ಉಪಕರಣದ ಮೈಯಲ್ಲಿ ವಿದ್ಯುತ್ತು ನಿಂತೇ ಇರುತ್ತದೆ. ಆರ್‌ಸಿಸಿಬಿಗೆ 4.6 ಆಂಪಿಯರ್ ಎಂಬುದು ಅದರ ಮಿತಿಯ ನೂರೈವತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಎರಡೂ ಬೇಕು. ಬೇಸಿಗೆಯಲ್ಲಿ ಅರ್ಥಿನ ಗುಂಡಿಗೆ ನೀರು ಹಾಕುವುದನ್ನು ಮರೆಯಬಾರದು.

ಅರ್ಥ್ ತಂತಿ ಇಲ್ಲವೆಂದು ಸಾಕೆಟ್ಟಿನ ಅರ್ಥಿನ ತೂತಿಗೆ ನ್ಯೂಟ್ರಲನ್ನು ಜೋಡಿಸುವ ಕೆಟ್ಟ ಪದ್ಧತಿಯೊಂದಿದೆ. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತಂತಿಯೊಂದೇ ಕಡಿದುಹೋದರೆ, ಹಾಗೆ ಜೋಡಿಸಿದ ಪ್ರತಿಯೊಂದು ಉಪಕರಣದ ಮೈಗೂ ಫೇಸಿನ ಒತ್ತಡ ಬರುತ್ತದೆ. ಮರಗಳ ನಡುವೆ ತಂತಿ ಹಾದುಹೋಗುವ ಸೀಮೆಯಲ್ಲಿ ಇದು ಊಹೆಯ ಅಪಾಯವಲ್ಲ.

ಕೊಟ್ಟಿಗೆ, ಬಚ್ಚಲು, ಅಟ್ಟ

ಕೊಟ್ಟಿಗೆಯ ಬಗೆಗೆ ವಿಶೇಷವಾಗಿ ಹೇಳಬೇಕಾಗಿದೆ. ದನಗಳಿಗೆ ಚಪ್ಪಲಿ ಇಲ್ಲ. ಗಂಜಲದಿಂದ ನೆನೆದ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತವೆ. ಮುಂಗಾಲಿಗೂ ಹಿಂಗಾಲಿಗೂ ನಡುವಿನ ಅಂತರ ಹೆಚ್ಚಿರುವುದರಿಂದ ನೆಲದಲ್ಲಿ ಹರಡಿದ ಸೋರಿಕೆಯೂ ಅವುಗಳ ದೇಹದ ಮೂಲಕ, ಹೃದಯವನ್ನು ಹಾದು ಹರಿಯುತ್ತದೆ. ಮನುಷ್ಯನಿಗೆ ಜುಮ್ಮೆನ್ನುವಷ್ಟು ಸೋರಿಕೆ ಹಸುವಿನ ಪ್ರಾಣ ತೆಗೆಯಬಹುದು. ಆದ್ದರಿಂದ ಕೊಟ್ಟಿಗೆಯ ಸ್ವಿಚ್ಚನ್ನು ಹೊರಗೆ ಒಣ ಜಾಗದಲ್ಲಿಡಬೇಕು, ತಂತಿಯನ್ನು ದನಗಳ ಕೊಂಬು ತಾಗದ ಎತ್ತರದಲ್ಲಿ ಪಿವಿಸಿ ಪೈಪಿನೊಳಗೆ ಒಯ್ಯಬೇಕು, ಹೋಲ್ಡರಿಗೆ ನೀರು ಸಿಡಿಯದಂತೆ ಮುಚ್ಚಳವಿರಬೇಕು. ಕಬ್ಬಿಣದ ಕಂಬಕ್ಕೂ ತಗಡಿನ ಮಾಡಿಗೂ ತಂತಿ ಸುತ್ತಬಾರದು. ಬಚ್ಚಲಿನ ಸ್ವಿಚ್ಚೂ ಬಾಗಿಲ ಹೊರಗಿರುವುದೇ ಕ್ಷೇಮ.

ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಒಯ್ದ ರಬ್ಬರು ಹೊದಿಕೆಯ ತಂತಿಗಳು ಈಗಲೂ ಉಳಿದಿರುವುದುಂಟು. ದಶಕಗಳ ಹೊಗೆ, ಶೀತ, ಬಿಸಿಗಳಿಂದ ಆ ರಬ್ಬರು ಮುಟ್ಟಿದರೆ ಪುಡಿಯಾಗುತ್ತದೆ. ಅದರ ಮೇಲೆ ಟೇಪು ಸುತ್ತಿದರೆ ದುರಸ್ತಿಯಾಗದು, ಪೂರ್ತಿ ಬದಲಾಯಿಸಲೇಬೇಕು. ಇಲಿ ಹೊದಿಕೆಯನ್ನು ಕಡಿದ ಜಾಗದಲ್ಲಿ ಜೇಡರಬಲೆ, ಧೂಳು, ಒಣ ದರಗು ಸೇರಿದರೆ ಒಂದು ಕಿಡಿ ಸಾಕು. ಸರ್ವಿಸ್ ತಂತಿಯ ಅಲ್ಯೂಮಿನಿಯಮನ್ನು ಮನೆಯ ತಾಮ್ರದ ಜೊತೆ ನೇರವಾಗಿ ಹೊಸೆದ ಗಂಟು ಇನ್ನೊಂದು ದುರ್ಬಲ ಜಾಗ. ತೇವದಲ್ಲಿ ಎರಡು ಲೋಹಗಳ ನಡುವೆ ತುಕ್ಕು ಬೆಳೆದು ಗಂಟು ಸಡಿಲವಾಗುತ್ತದೆ, ಬಿಸಿಯೇರುತ್ತದೆ. ಅದಕ್ಕೆಂದೇ ಇರುವ ಕನೆಕ್ಟರನ್ನು ಬಳಸಿಸಬೇಕು. ಮಿನುಗುವ ದೀಪ, ಸುಟ್ಟ ವಾಸನೆ, ಕಪ್ಪಾದ ಸ್ವಿಚ್ಚು ಇವು ಸಡಿಲ ಗಂಟಿನ ಲಕ್ಷಣಗಳು.

ಬೇಲಿಗೆ ಎಳೆದ ತಂತಿ

ಕಾಡುಹಂದಿ ಮತ್ತು ಆನೆಗಳಿಂದ ಬೆಳೆ ನಷ್ಟವಾಗುವ ರೈತರ ಸಂಕಟ ನಿಜವಾದುದು. ಆದರೆ ಮನೆಯ ಅಥವಾ ಪಂಪಿನ ಸರ್ಕ್ಯೂಟಿನಿಂದ ಬರಿಯ ತಂತಿಯೊಂದನ್ನು ಬೇಲಿಗೆ ಎಳೆಯುವುದು ಅದಕ್ಕೆ ಉತ್ತರವಲ್ಲ. ಆ ತಂತಿಗೆ ಹಂದಿ, ಆನೆ, ನೆರೆಮನೆಯ ಮಗು, ಸೊಪ್ಪಿಗೆ ಹೋದ ಹೆಂಗಸು ಎಂಬ ಭೇದ ತಿಳಿಯದು. ಇದು ಕಾನೂನಿನ ಪ್ರಕಾರ ಅಪರಾಧವೂ ಹೌದು. ಸೋಲಾರ್ ಬೇಲಿಯ ತತ್ತ್ವವೇ ಬೇರೆ. ಅದರ ಯಂತ್ರ ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ ಮಿಡಿತವನ್ನು ಕೊಡುತ್ತದೆ. ಹೊಡೆತ ಜೋರಾಗಿದ್ದರೂ ಶಕ್ತಿ ಅಲ್ಪವಾದ್ದರಿಂದ ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಮಿಡಿತಗಳ ನಡುವೆ ಬಿಡಿಸಿಕೊಳ್ಳಲು ಅವಕಾಶವಿರುತ್ತದೆ. 230 ವೋಲ್ಟಿನ ತಂತಿ ಆ ಅವಕಾಶವನ್ನು ಕೊಡುವುದಿಲ್ಲ.

ಸೂರ್ಯ ಮತ್ತು ಹಳ್ಳದ ಬೆಳಕು

ಸೋಲಾರ್ ದೀಪಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ ನೇರ ಪ್ರವಾಹ. ಇಲ್ಲಿ ಶಾಕಿನ ಭಯ ಕಡಿಮೆ, ತಂತಿಯಲ್ಲಿ ಆಗುವ ನಷ್ಟ ಹೆಚ್ಚು. 24 ವ್ಯಾಟಿನ ದೀಪಗಳಿಗೆ 12 ವೋಲ್ಟಿನಲ್ಲಿ 2 ಆಂಪಿಯರ್ ಬೇಕು. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 10 ಮೀಟರ್ ದೂರ ಹೋಗಿ ಬರುವಾಗ ಸುಮಾರು ಅರ್ಧ ವೋಲ್ಟ್, ಅಂದರೆ ಶೇಕಡಾ 4ರಷ್ಟು ನಷ್ಟವಾಗುತ್ತದೆ. ಅಷ್ಟೇ ದೀಪಗಳನ್ನು 230 ವೋಲ್ಟಿನಲ್ಲಿ ಉರಿಸಿದರೆ ಈ ನಷ್ಟ ಲೆಕ್ಕಕ್ಕೇ ಬಾರದು. ಆದ್ದರಿಂದ ಸೋಲಾರಿನ ತಂತಿ ದಪ್ಪವಾಗಿರಲಿ, ಗಿಡ್ಡವಾಗಿರಲಿ. 12 ವೋಲ್ಟಿನ ತಂತಿಯನ್ನೂ 230 ವೋಲ್ಟಿನ ತಂತಿಯನ್ನೂ ಒಂದೇ ಪೈಪಿನಲ್ಲಿ ಒಯ್ಯಬಾರದು.

ಹಳ್ಳದ ನೀರಿನಿಂದ ಸಣ್ಣ ಟರ್ಬೈನು ತಿರುಗಿಸಿ ಮನೆ ಬೆಳಗಿಸಿಕೊಂಡವರು ಪಶ್ಚಿಮಘಟ್ಟದ ಹಳ್ಳಿಗಳಲ್ಲಿದ್ದಾರೆ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿರುವ ಶಕ್ತಿ 981 ವ್ಯಾಟ್. ಅರ್ಧದಷ್ಟು ಕೈಗೆ ಬಂದರೂ 490 ವ್ಯಾಟ್. 9 ವ್ಯಾಟಿನ ಇಪ್ಪತ್ತು ದೀಪಗಳಿಗೆ ಬೇಕಾದದ್ದು 180 ವ್ಯಾಟ್ ಮಾತ್ರ. ನೀರು ಮತ್ತೆ ಹಳ್ಳಕ್ಕೇ ಸೇರುತ್ತದೆ, ಯಾರ ಊರೂ ಮುಳುಗುವುದಿಲ್ಲ. ಆದರೆ ಇಂತಹ ವಿದ್ಯುತ್ತಾಗಲಿ ಜನರೇಟರಾಗಲಿ ಇನ್ವರ್ಟರಾಗಲಿ ಬೋರ್ಡಿನ ತಂತಿಗೆ ಎಂದೂ ಹಿಂದಿರುಗಿ ಹರಿಯಬಾರದು. ನಡುವೆ ಚೇಂಜ್ ಓವರ್ ಸ್ವಿಚ್ಚು ಇರಲೇಬೇಕು. ಕರೆಂಟಿಲ್ಲವೆಂದು ನಂಬಿ, ಸುರಿಯುವ ಮಳೆಯಲ್ಲಿ ಕಂಬವೇರಿದ ಲೈನ್‌ಮನ್ನನ ಜೀವ ಆ ಸ್ವಿಚ್ಚಿನ ಮೇಲೆ ನಿಂತಿದೆ.

ಉಳಿತಾಯದ ಲೆಕ್ಕ

60 ವ್ಯಾಟಿನ ಹಳೆಯ ಬಲ್ಬಿನ ಬದಲು 9 ವ್ಯಾಟಿನ ಎಲ್‌ಇಡಿ ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲೇ ಇಲ್ಲದಾಗ ಉಳಿಸುವುದೇಕೆ ಎಂದು ಕೇಳುವವರಿದ್ದಾರೆ. ಬಿಲ್ಲು ಇಲ್ಲದಿರಬಹುದು, ಬೆಲೆ ಇದ್ದೇ ಇದೆ. ಯಂತ್ರಗಳ ದಕ್ಷತೆ ಶೇಕಡಾ 85 ಎಂದು ಹಿಡಿದರೆ, ಒಂದು ಯೂನಿಟ್ ವಿದ್ಯುತ್ತಿಗೆ 1000 ಲೀಟರ್ ನೀರು ಸುಮಾರು 430 ಮೀಟರ್ ಎತ್ತರದಿಂದ ಬೀಳಬೇಕು. ಆ ಲೆಕ್ಕದಲ್ಲಿ ಒಂದು ಬಲ್ಬು ಬದಲಿಸಿದರೆ ವರ್ಷಕ್ಕೆ 93 ಸಾವಿರ ಲೀಟರ್ ನೀರಿನ ಶಕ್ತಿ ಉಳಿದಂತೆ. ಹೊಸ ಅಣೆಕಟ್ಟು ಬೇಡವೆಂದು ಹೇಳುವ ಜನರ ಮಾತಿಗೆ ಇಂತಹ ಲೆಕ್ಕದಿಂದ ಬಲ ಬರುತ್ತದೆ.

ಮಳೆಗೆ ಮೊದಲು

ಮುಂಗಾರು ಬರುವ ಮುನ್ನ ಮಾಡಿನ ಹಂಚು ಕೈಯಾಡಿಸುವುದು, ತೋಟದ ಬಸಿಗಾಲುವೆ ಬಿಡಿಸುವುದು ಮಲೆನಾಡಿನ ವಾಡಿಕೆ. ಅದರ ಜೊತೆಗೆ ವೈರಿಂಗನ್ನೂ ವರ್ಷಕ್ಕೊಮ್ಮೆ ಪರವಾನಗಿ ಇರುವವರಿಂದ ನೋಡಿಸುವುದು ವಾಡಿಕೆಯಾಗಲಿ. ಸ್ವಿಚ್ಚುಗಳು ಫೇಸಿನಲ್ಲಿವೆಯೇ, ತಂತಿಗೆ ತಕ್ಕ ಎಂಸಿಬಿ ಇದೆಯೇ, ಆರ್‌ಸಿಸಿಬಿ ಬೀಳುತ್ತದೆಯೇ, ಅರ್ಥಿನ ಪ್ರತಿರೋಧ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಹೊಸ ತಂತಿ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಬೇಕು. ಹತ್ತು ಮನೆಗಳು ಒಟ್ಟಾಗಿ ಒಬ್ಬ ಎಲೆಕ್ಟ್ರಿಷಿಯನ್ನನನ್ನು ಒಂದೇ ದಿನ ಕರೆಸಿದರೆ ಖರ್ಚೂ ಹಗುರವಾಗುತ್ತದೆ. ದಾರಿಯಲ್ಲಿ ತಂತಿ ತುಂಡಾಗಿ ಬಿದ್ದಿದ್ದರೆ ಅದರ ಬಳಿ ಯಾರನ್ನೂ ದನವನ್ನೂ ಬಿಡದೆ 1912ಕ್ಕೆ ದೂರವಾಣಿ ಮಾಡಬೇಕು.

ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಸ್ವಿಚ್ಚು ಆರಿಸಬೇಕೇ ಹೊರತು ಅವರನ್ನು ಮುಟ್ಟಬಾರದು ಎಂಬುದು ಮನೆಯ ಪ್ರತಿ ಮಗುವಿಗೂ ತಿಳಿದಿರಬೇಕು. ಮೇನ್ ಸ್ವಿಚ್ಚು ಎಲ್ಲಿದೆ, ಅದನ್ನು ಹೇಗೆ ಆರಿಸುವುದು ಎಂಬುದನ್ನು ವಿದ್ಯಾರ್ಥಿಗಳು ಇಂದು ಸಂಜೆಯೇ ಮನೆಯವರಿಗೆಲ್ಲ ತೋರಿಸಿಕೊಡಲಿ. ಅದರ ಮುಂದೆ ಅಡಿಕೆ ಚೀಲ ಒಟ್ಟಿದ್ದರೆ ಮೊದಲು ಅದನ್ನು ಸರಿಸಲಿ.